ಚಂದ್ರನ ರಾತ್ರಿಯನ್ನು ಬರೆಯಿರಿ

ಮಾನ್ಯರೇ,

ಡೊಂಬಿವಲಿಯಿಂದ ನೀವು ಕಳುಹಿಸಿದ ‘ಚಂದ್ರನಲ್ಲಿ ಮನುಷ್ಯನ ಮನೆ’ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ನಮ್ಮ ಮಾಸಿಕದಲ್ಲಿ ಪ್ರಕಟಿಸಲಾರೆ. ಹದಿನಾಲ್ಕು ಪುಟಗಳಲ್ಲಿ ಹನ್ನೊಂದು ರಾಕೆಟ್ಟಿನ ವರ್ಣನೆಗೇ ಖರ್ಚಾಗಿವೆ. ಮನೆ ಎಂದು ಹೆಸರಿಟ್ಟ ಮೇಲೆ ಓದುಗರು ಕೇಳುವುದು ಹೋಗುವ ದಾರಿಯನ್ನಲ್ಲ, ಅಲ್ಲಿ ದಿನ ಕಳೆಯುವ ಬಗೆಯನ್ನು.

1972ರ ಡಿಸೆಂಬರಿನಲ್ಲಿ ಅಮೆರಿಕದ ಅಪೊಲೊ 17 ಯಾನದ ಇಬ್ಬರು ಯಾತ್ರಿಗಳು ಅಲ್ಲಿನ ನೆಲದಲ್ಲಿದ್ದುದು ಮೂರೇ ದಿನ, ಅದೂ ಹಗಲಿನಲ್ಲಿ. ಚಂದ್ರನ ಒಂದು ರಾತ್ರಿ ನಮ್ಮ ಸುಮಾರು ಹದಿನಾಲ್ಕು ದಿನಗಳಷ್ಟು ದೀರ್ಘ. ಅದನ್ನು ಅಲ್ಲಿದ್ದು ಕಳೆದ ಮನುಷ್ಯ ಇನ್ನೂ ಯಾರೂ ಇಲ್ಲ. 2023ರ ಆಗಸ್ಟ್ 23ರಂದು ಇಳಿದ ನಮ್ಮ ಚಂದ್ರಯಾನ-3ರ ನೌಕೆ ವಿಕ್ರಮ ಮತ್ತು ಬಂಡಿ ಪ್ರಜ್ಞಾನಗಳನ್ನು ಸೆಪ್ಟೆಂಬರಿನಲ್ಲಿ ಮಲಗಿಸಲಾಯಿತು, ರಾತ್ರಿ ಕಳೆದ ಮೇಲೆ ಅವು ಏಳಲಿಲ್ಲ. ಬಿಸಿಲಿಲ್ಲದೆ ಸೌರಫಲಕಗಳು ಕೆಲಸ ಮಾಡುವುದಿಲ್ಲ, ಅಷ್ಟು ದಿನಕ್ಕೆ ಬೇಕಾದ ಬ್ಯಾಟರಿಯನ್ನು ಹೊತ್ತೊಯ್ಯುವುದು ಸುಲಭವಲ್ಲ. ಇಂಥ ರಾತ್ರಿಯನ್ನು ನೀವು ‘ಅಲ್ಲಿ ಬಹಳ ಚಳಿ’ ಎಂಬ ಮೂರು ಪದಗಳಲ್ಲಿ ದಾಟಿಬಿಟ್ಟಿದ್ದೀರಿ.

ಇನ್ನು ತಪ್ಪುಗಳು. ಚಂದ್ರನ ನಮಗೆ ಕಾಣದ ಮಗ್ಗುಲು ಸದಾ ಕತ್ತಲು ಎಂದಿದ್ದೀರಿ. ಆ ಮಗ್ಗುಲಿಗೂ ಬಿಸಿಲು ಬೀಳುತ್ತದೆ. ಎಂದೂ ಬಿಸಿಲು ಕಾಣದಿರುವುದು ಧ್ರುವಗಳ ಬಳಿಯ ಕೆಲವು ಕುಳಿಗಳ ತಳ. ಅಲ್ಲಿ ಮಂಜುಗಡ್ಡೆಯಿದೆ, ಹತ್ತಿರದ ಕೆಲವು ಎತ್ತರದ ಅಂಚುಗಳಲ್ಲಿ ವರ್ಷದ ಬಹುಪಾಲು ಬೆಳಕಿರುತ್ತದೆ ಎಂಬ ಕಾರಣಕ್ಕೇ ಎಲ್ಲರ ಕಣ್ಣು ದಕ್ಷಿಣ ಧ್ರುವದ ಮೇಲಿದೆ. ಅಲ್ಲಿನ ಧೂಳನ್ನು ‘ಮೃದುವಾದ ಹಿಟ್ಟು’ ಎಂದಿದ್ದೀರಿ. ಸವೆಸಲು ಗಾಳಿಯಾಗಲಿ ಹರಿವ ನೀರಾಗಲಿ ಇಲ್ಲದ ಆ ಧೂಳು ಗಾಜಿನ ಚೂರಿನಂತೆ ಹರಿತವಾದದ್ದು. ಅಪೊಲೊ 17ರ ಬಂಡಿಯ ಮಡ್‌ಗಾರ್ಡ್ ಮುರಿದು ಧೂಳು ಮೈಮೇಲೆ ಎರಚತೊಡಗಿದಾಗ ಸರ್ನನ್ ಮತ್ತು ಶ್ಮಿಟ್ ನಕ್ಷೆಯ ಹಾಳೆಗಳನ್ನು ಟೇಪಿನಿಂದ ಅಂಟಿಸಿ ತೇಪೆ ಹಾಕಿದ್ದರು. ಇಂಥ ಒಂದು ಪ್ರಸಂಗ ನಿಮ್ಮ ನಾಲ್ಕು ಪುಟಗಳ ವಿಶೇಷಣಗಳಿಗಿಂತ ಮೇಲು.

ಹಾಗೆಂದು ಕೈಚೆಲ್ಲಬೇಡಿ. ಏಳನೆಯ ಪುಟದಲ್ಲಿ, ಅದೇಕೋ ಕಂಸದೊಳಗೆ, ನಿಮ್ಮ ಚಾಳಿನಲ್ಲಿ ನಳದ ನೀರು ಮುಕ್ಕಾಲು ಗಂಟೆ ಮಾತ್ರ ಬರುವುದನ್ನೂ, ಅಕ್ಕಿ ತೊಳೆದ ನೀರನ್ನು ನಿಮ್ಮ ತಾಯಿ ತುಳಸಿಗೆ ಎರೆಯುವುದನ್ನೂ ಬರೆದಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಮೂತ್ರ, ಉಸಿರಿನ ತೇವವನ್ನೂ ಹಿಡಿದು, 2023ರ ಹೊತ್ತಿಗೆ ಶೇಕಡಾ 98ರಷ್ಟು ನೀರನ್ನು ಮರಳಿ ಪಡೆಯುವ ಮಟ್ಟ ಮುಟ್ಟಿದ್ದಾರೆ. ಚಂದ್ರನಲ್ಲಿ ನಡೆಯಬೇಕಾದದ್ದೂ ಅದೇ ಸಂಸಾರ.

ಆರು ಪುಟ ಸಾಕು. ಗಣೇಶೋತ್ಸವದ ಗದ್ದಲಕ್ಕೆ ಮೊದಲು ಕೈಸೇರಿದರೆ ದೀಪಾವಳಿ ಸಂಚಿಕೆಗೆ ಪರಿಶೀಲಿಸುತ್ತೇನೆ.

ಇತಿ,
ಸಂಪಾದಕ, ಮುಂಬಯಿ