ಬಾಲ್ ಪೈಥಾನ್ ಸಾಕಿದವರಿಗೆ ಕಾರ್ನ್ ಸ್ನೇಕ್‌ನಲ್ಲಿ ಹೊಸದೇನಿದೆ?

ಮೂರು ವರ್ಷದಿಂದ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು) ಸಾಕಿದ್ದೀನಿ, ಎರಡನೇ ಹಾವು ತರೋಣ ಅಂತಿದ್ದೀನಿ, ಆದರೆ ಕಾರ್ನ್ ಸ್ನೇಕ್ (ಅಮೆರಿಕದ ವಿಷವಿಲ್ಲದ ಹಾವು) ಬರೀ ಹೊಸಬರ ಹಾವು ಅಂತಾರೆ, ಅದರಲ್ಲಿ ಅಂಥದ್ದೇನಿದೆ ಅಂತ ಕೇಳಿದ್ದೀರಿ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದವನು. ಮೈಸೂರಿನ ನಮ್ಮ ಮನೆಯಲ್ಲಿ ಎರಡು ಬಾಲ್ ಪೈಥಾನ್ ಇದ್ದವು. ಪುಣೆಗೆ ಕೆಲಸಕ್ಕೆ ಹೊರಟ ಗೆಳೆಯನೊಬ್ಬ ತನ್ನ ಕಾರ್ನ್ ಸ್ನೇಕನ್ನು ನನ್ನ ಹತ್ತಿರ ಬಿಟ್ಟು ಹೋದ. ಅದು ಬಂದ ಮೇಲೆ ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತು.

ಮೊದಲು ಊಟದ ವಿಷಯ. ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಕೂರುವುದು ನಿಮಗೆ ಗೊತ್ತೇ ಇದೆ. ನನ್ನದೊಂದು ಚಳಿಗಾಲದಲ್ಲಿ ನಾಲ್ಕು ತಿಂಗಳು ಏನೂ ಮುಟ್ಟಲಿಲ್ಲ. ಪ್ರತಿ ವಾರ ತೂಕ ನೋಡುವುದು, ಕರಗಿಸಿದ ಇಲಿಯನ್ನು ಎಸೆಯುವುದು, ಇದೇ ಆಗಿತ್ತು. ಕಾರ್ನ್ ಸ್ನೇಕ್‌ಗೆ ಬಂದ ಐದನೇ ದಿನ ಬಿಸಿನೀರಲ್ಲಿ ಕರಗಿಸಿದ ಇಲಿ ಇಟ್ಟೆ. ತಲೆ ಎತ್ತಿತು, ನಾಲಿಗೆ ನಾಲ್ಕು ಸಲ ಆಡಿಸಿತು, ಹಿಡಿದು ಎರಡು ಸುತ್ತು ಸುತ್ತಿತು. ಹತ್ತು ನಿಮಿಷದಲ್ಲಿ ನುಂಗಿ ಮುಗಿಸಿತು. ದೊಡ್ಡ ಹಾವಿಗೆ ಹತ್ತು ಹದಿನಾಲ್ಕು ದಿನಕ್ಕೊಂದು ಇಲಿ ಸಾಕು.

ಆದರೆ ನನಗೆ ಹಿಡಿಸಿದ್ದು ಊಟ ಅಲ್ಲ, ಅದರ ಓಡಾಟ. ಬಾಲ್ ಪೈಥಾನ್ ಚೆಂದದ ಪ್ರಾಣಿ, ಅದನ್ನು ಬಿಟ್ಟುಕೊಡಲ್ಲ. ಆದರೆ ದಿನವೆಲ್ಲ ಗೂಡಿನಲ್ಲೇ ಇರುತ್ತೆ. ಕಾರ್ನ್ ಸ್ನೇಕ್ ಸಂಜೆ ಏಳರ ಹೊತ್ತಿಗೆ ಹೊರಗೆ ಬರುತ್ತೆ. ಟ್ಯಾಂಕ್ ಒಳಗೆ ಒಂದು ಸೀಬೆ ಕೊಂಬೆ ಇಟ್ಟಿದ್ದೀನಿ. ಅದನ್ನು ಹತ್ತುವಾಗ ಒಂದು ಸಲ ಹತ್ತಿರ ಕೂತು ನೋಡಿ. ಅದರ ಮೈ ಪೂರ್ತಿ ಗುಂಡಗಿಲ್ಲ. ಹೊಟ್ಟೆ ಚಪ್ಪಟೆ, ಎರಡೂ ಅಂಚಿನಲ್ಲಿ ಸಣ್ಣ ಏಣು ಇದೆ. ಆ ಏಣನ್ನು ತೊಗಟೆಯ ಸಂದಿಗೆ ಒತ್ತಿ, ಮುಂದಿನ ಅರ್ಧ ಮೈಯನ್ನು ಗಾಳಿಯಲ್ಲಿ ಚಾಚಿ, ಮುಂದಿನ ಹಿಡಿತ ಹುಡುಕುತ್ತೆ. ನಾನು ರೂಮಿನಲ್ಲಿ ಅತ್ತ ಹೋದರೆ ಅದರ ತಲೆಯೂ ಅತ್ತ ತಿರುಗುತ್ತೆ.

ಪೊರೆ ಬಿಡುವಾಗಲೂ ಅಷ್ಟೇ. ಕಣ್ಣು ಹಾಲು ಬೆರೆಸಿದ ನೀಲಿಗೆ ತಿರುಗುತ್ತೆ, ಮೈಯ ಕಿತ್ತಳೆ ಮಂಕಾಗುತ್ತೆ. ಕೆಲವು ದಿನದಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತೆ. ಆಮೇಲೆ ಒಂದು ರಾತ್ರಿ ಕಾಲುಚೀಲ ಕಳಚಿದ ಹಾಗೆ ಇಡೀ ಪೊರೆ ಒಳಹೊರಗಾಗಿ ಬಿದ್ದಿರುತ್ತೆ. ಅದನ್ನು ಬೆಳಕಿಗೆ ಹಿಡಿದರೆ ಕಣ್ಣಿನ ಮೇಲಿದ್ದ ಎರಡು ಪುಟ್ಟ ಬಿಲ್ಲೆಗಳೂ ಕಾಣುತ್ತವೆ.

ಇನ್ನು ಹೆಸರಿನ ವಿಷಯ. ಕಾರ್ನ್ ಅಂದ್ರೆ ನಮ್ಮ ಮುಸುಕಿನ ಜೋಳ. ಇದರ ಊರು ಅಮೆರಿಕದ ಆಗ್ನೇಯ ಭಾಗ, ನ್ಯೂಜೆರ್ಸಿಯಿಂದ ಫ್ಲೋರಿಡಾವರೆಗೆ. ಜೋಳದ ಕಣಜದ ಹತ್ತಿರ ಇಲಿ ಹುಡುಕಿಕೊಂಡು ಬರುತ್ತಿತ್ತು, ಅದಕ್ಕೇ ಈ ಹೆಸರು ಅನ್ನುವವರಿದ್ದಾರೆ. ಹೊಟ್ಟೆಯ ಮೇಲಿನ ಕಪ್ಪು ಬಿಳಿ ಚೌಕಗಳು ಬಣ್ಣದ ಜೋಳದ ಕಾಳಿನ ಹಾಗಿವೆ, ಅದಕ್ಕೆ ಅನ್ನುವವರೂ ಇದ್ದಾರೆ. ನನಗೆ ಮಾತ್ರ ಆ ಹೊಟ್ಟೆ ನೋಡಿದಾಗ ಚೌಕಾಬಾರದ ಮನೆಗಳೇ ನೆನಪಾಗುತ್ತವೆ.

ಕಣಜ, ಇಲಿ ಅಂದ ಕೂಡಲೇ ನನಗೆ ಮದ್ದೂರಿನ ಹತ್ತಿರದ ನಮ್ಮ ಹಳ್ಳಿಯ ಕೇರೆ ಹಾವು ಕಣ್ಣ ಮುಂದೆ ಬಂತು. ಅದೂ ಭತ್ತದ ಗದ್ದೆ, ಕಬ್ಬಿನ ತೋಟ, ಹುಲ್ಲಿನ ಮೆದೆ ಸುತ್ತ ಇಲಿ ಹಿಡಿಯುವ ಹಾವು. ವಿಷ ಇಲ್ಲ. ಆದರೂ ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತೆ ಅಂತ, ಇಲ್ಲವೇ ನಾಗರಹಾವು ಅಂದುಕೊಂಡು ಹೊಡೆದು ಹಾಕುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಕಲ್ಲು ಎತ್ತಿದ್ದೀನಿ, ಈಗ ಅದು ತುಂಬಾ ನೋಯಿಸುತ್ತೆ. ಅಮೆರಿಕದಲ್ಲಿ ಕಾರ್ನ್ ಸ್ನೇಕ್ ಕಥೆಯೂ ಬೇರೆಯಲ್ಲ. ಕಾಪರ್‌ಹೆಡ್ ಅನ್ನುವ ವಿಷದ ಹಾವು ಅಂದುಕೊಂಡು ಅದನ್ನು ಕೊಲ್ಲುತ್ತಾರೆ. ಹೆದರಿದಾಗ ಅದು ಬಾಲ ನಡುಗಿಸುತ್ತೆ, ಒಣ ಎಲೆ ಮೇಲೆ ಆ ಸದ್ದು, ಬಾಲದಲ್ಲಿ ಗಿಲಕಿ ಆಡಿಸುವ ವಿಷದ ರ್ಯಾಟಲ್ ಸ್ನೇಕ್‌ನ ಸದ್ದಿನ ಹಾಗೇ ಕೇಳುತ್ತೆ ಅಂತ ಇನ್ನಷ್ಟು ಹೊಡೆತ ತಿನ್ನುತ್ತೆ. ಸಾಕಿದ್ದು ದೂರದೇಶದ ಹಾವು, ಆದರೆ ಊರಿನ ಹಾವನ್ನು ಸರಿಯಾಗಿ ನೋಡಲು ಕಲಿತದ್ದು ಅದರಿಂದಲೇ.

ಹಾಗಂತ ಗದ್ದೆಯಲ್ಲಿ ಸಿಕ್ಕ ಕೇರೆಯನ್ನು ದಯವಿಟ್ಟು ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ನಿಮ್ಮ ಬಾಲ್ ಪೈಥಾನ್‌ಗೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಿರಬೇಕು, ಆಗಿದೆಯಾ ನೋಡಿಕೊಳ್ಳಿ. ಕಾರ್ನ್ ಸ್ನೇಕ್ ಕೊಳ್ಳುವಾಗಲೂ ಎಲ್ಲಿಂದ ಬಂದದ್ದು ಅನ್ನುವ ಕಾಗದ ಇಲ್ಲದೆ ತರಬೇಡಿ. ಅನುಮಾನ ಇದ್ದರೆ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಕೇಳಿ.

ಕಾರ್ನ್ ಸ್ನೇಕ್ ಸಾಕುವುದು ಕಷ್ಟವಿಲ್ಲ. ಸಾಮಾನ್ಯವಾಗಿ ಮೂರರಿಂದ ಐದು ಅಡಿ ಬೆಳೆಯುತ್ತೆ, ಚೆನ್ನಾಗಿ ನೋಡಿಕೊಂಡರೆ 15-20 ವರ್ಷ ಬಾಳುತ್ತೆ. ಇದನ್ನು ಮನೆಯವರ ಜೊತೆ ಮಾತಾಡಿಯೇ ತನ್ನಿ. ಟ್ಯಾಂಕಿನ ಒಂದು ಬದಿ 29-30 ಡಿಗ್ರಿ, ಇನ್ನೊಂದು ಬದಿ 23-24 ಇದ್ದರೆ ಸಾಕು. ಮೈಸೂರಿನ ಹವೆ ಅದಕ್ಕೆ ಒಗ್ಗುತ್ತೆ, ಆದರೂ ಬಿಸಿ ಬದಿಗೆ ಥರ್ಮೋಸ್ಟಾಟ್ (ಬಿಸಿ ಮಿತಿ ಮೀರದಂತೆ ನೋಡಿಕೊಳ್ಳುವ ಸಾಧನ) ಇರುವ ಹೀಟ್ ಮ್ಯಾಟ್ ಬೇಕು, ಡಿಸೆಂಬರ್ ರಾತ್ರಿಗಳಲ್ಲಂತೂ ಬೇಕೇ ಬೇಕು. ಊಟ ಆದ ಮೇಲೆ ಎರಡು ದಿನ ಎತ್ತಿಕೊಳ್ಳಬೇಡಿ. ಮರಿ ತರುವುದಾದರೆ ಅದು ಕಡಿಮೆ ಅಂದರೂ ನಾಲ್ಕೈದು ಸಲ ತಾನಾಗೇ ತಿಂದಿದೆಯಾ ಅಂತ ಕೇಳಿಕೊಳ್ಳಿ.

ಮುಚ್ಚಳದ ವಿಷಯ ಮಾತ್ರ ಮರೆಯಬೇಡಿ. ಬಾಲ್ ಪೈಥಾನ್ ಟ್ಯಾಂಕಿನ ಮುಚ್ಚಳ ಇದಕ್ಕೆ ಸಾಲಲ್ಲ. ತಲೆ ತೂರುವಷ್ಟು ಸಂದು ಸಿಕ್ಕರೆ ಇಡೀ ಮೈ ಆಚೆ ಬರುತ್ತೆ. ನಮ್ಮದು ಒಮ್ಮೆ ಹಾಗೇ ಹೋಯಿತು. ಅಮ್ಮನೂ ನಾನೂ ಮೂರು ರಾತ್ರಿ ಟಾರ್ಚ್ ಹಿಡಿದು ಹುಡುಕಿದೆವು. ನಾಲ್ಕನೇ ದಿನ ಬೆಳಿಗ್ಗೆ ಅಮ್ಮನ ಕಣ್ಣಿಗೆ ಬಿತ್ತು, ಫ್ರಿಜ್ ಹಿಂದೆ, ಕಂಪ್ರೆಸರ್ ಪಕ್ಕ ಬೆಚ್ಚಗೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಈಗ ನಾಲ್ಕು ಮೂಲೆಗೂ ಕ್ಲಿಪ್ ಇದೆ. ಮಲಗುವ ಮುಂಚೆ ನಾನೊಂದು ಸಲ ನೋಡ್ತೀನಿ, ಅಮ್ಮ ಒಂದು ಸಲ ನೋಡ್ತಾರೆ.