ಅತ್ತೆ ಬಾಯಿಬಿಟ್ಟು ಕರೆಯದ ಹೆಸರು

ಈ ಪ್ರಕರಣ ಬರೆಯೋಕೆ ಆ ಮನೆಯ ಮೂವರೂ ಒಪ್ಪಿಗೆ ಕೊಟ್ಟಿದ್ದಾರೆ. ಅವರ ಹೆಸರು, ಕೆಲಸ, ಬಡಾವಣೆ ಬದಲಿಸಿದ್ದೇನೆ. ನಾಯಿಯ ಹೆಸರು ಮಾತ್ರ ಹಾಗೇ ಇದೆ. ಅದನ್ನು ಬದಲಿಸಿದರೆ ಹೇಳಬೇಕಾದ ವಿಷಯವೇ ಕೈತಪ್ಪುತ್ತದೆ.

ಸವಿತಾ ಮತ್ತು ಮಂಜುನಾಥ ಧಾರವಾಡದವರು. ಸಲಹೆ ಕೇಳೋಕೆ ನನ್ನ ಹತ್ತಿರ ಬಂದಾಗ ಸವಿತಾಗೆ ಎಂಟನೇ ತಿಂಗಳು. ಕುಬಸ, ಅಂದರೆ ಸೀಮಂತ, ಮುಗಿದು ಒಂದು ವಾರ ಆಗಿತ್ತು. ಇನ್ನು ಹದಿನೈದು ದಿನಕ್ಕೆ ಗದಗಿನ ತವರುಮನೆಗೆ ಹೊರಡುವವರು. ಮದುವೆಯಾಗಿ ಒಂಬತ್ತು ವರ್ಷ, ಅದರಲ್ಲಿ ಆರು ವರ್ಷ ಆಸ್ಪತ್ರೆ ಅಲೆದಾಟ. ಇಷ್ಟು ಕಾದ ಮೇಲೆ ಸಿಕ್ಕ ಬಸಿರು. ಆದರೂ ಮುಖದಲ್ಲಿ ಗೆಲುವಿರಲಿಲ್ಲ. ಕೂತ ತಕ್ಷಣ ಆಕೆ ಕೇಳಿದ್ದು ಒಂದೇ ಮಾತು: "ಮೇಡಂ, ನಾಯಿಗೆ ಮನಷ್ಯಾರ ಹೆಸರು ಇಟ್ಟಿದ್ದು ಅಷ್ಟು ದೊಡ್ಡ ತಪ್ಪಾ?"

ಅವರ ಮನೆಯ ನಾಯಿಯ ಹೆಸರು ಗೌರಿ. ಆರು ವರ್ಷದ ಹಿಂದೆ ಗೌರಿ ಹುಣ್ಣಿಮೆ ಸಂಜೆ ಸಿಕ್ಕ ಕಂದು ಬಣ್ಣದ ಬೀದಿಮರಿ. ಓಣಿಯ ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಹೊರಟಿದ್ದರಂತೆ. ಗಟಾರದ ಪಕ್ಕ ಚಳಿಗೆ ನಡುಗುತ್ತಿದ್ದ ಮರಿಯನ್ನು ಸವಿತಾ ಸೆರಗಲ್ಲಿ ಸುತ್ತಿ ಒಳಗೆ ತಂದರು. ಹೆಸರಿಗೆ ಯೋಚನೆ ಮಾಡಬೇಕಾಗಲೇ ಇಲ್ಲ. ಗೌರಿ ಹುಣ್ಣಿಮೆಗೆ ಬಂದವಳು ಗೌರಿ. ಆ ವರ್ಷವೇ ಚಿಕಿತ್ಸೆ ಮೊದಲ ಸಲ ವಿಫಲವಾಗಿತ್ತು.

ತಕರಾರು ಎದ್ದಿದ್ದು ಕುಬಸದ ದಿನ. ಹಸಿರು ಸೀರೆ, ಹಸಿರು ಬಳೆ, ಸುತ್ತಲೂ ಬೀಗರು. ಅತ್ತೆ ಶಾಂತವ್ವ ಎಲ್ಲರ ಮುಂದೆ ಹೇಳಿಬಿಟ್ಟರು: "ಗಂಡಾದ್ರ ನಮ್ಮ ಮಾವನೋರ ಹೆಸರು, ಹೆಣ್ಣಾದ್ರ ನಮ್ಮತ್ತಿ ಹೆಸರು. ಆ ಕುನ್ನಿಗೆ ಬ್ಯಾರೆ ಏನರ ಇಟ್ಕೋರಿ."

ಶಾಂತವ್ವನ ಅತ್ತೆ, ಅಂದರೆ ಮಂಜುನಾಥರ ಆಯಿ, ತೀರಿಕೊಂಡು ಎರಡು ವರ್ಷ. ಅವರ ಹೆಸರು ಗೌರವ್ವ. ಹಿರಿಯರ ಹೆಸರು ಮೊಮ್ಮಕ್ಕಳಿಗೆ, ಮರಿಮಕ್ಕಳಿಗೆ ಇಡೋದು ನಮ್ಮ ಕಡೆ ಹೊಸದಲ್ಲ. ಅದರಲ್ಲಿ ಹಟವೂ ಇಲ್ಲ, ಆಶ್ಚರ್ಯವೂ ಇಲ್ಲ. ಆದರೆ ಸವಿತಾಗೆ ಕೇಳಿಸಿದ್ದು ಬೇರೆ. "ಆರು ವರ್ಷ ಆಕೀನ ನನ್ನ ಮಗಳಾಗಿದ್ಲು. ಈಗ ಖರೇ ಮಗಳು ಬರ್ತಾಳ ಅಂತ ಆಕಿ ಹೆಸರು ಕಸ್ಕೊಬೇಕಾ? ಅತ್ತಿಯವ್ರು ಒಂದಿನಾನೂ ಆಕೀನ ಹೆಸರು ಹಿಡದು ಕರದಿಲ್ಲ. ಬರೇ ಕುನ್ನಿ, ಕುನ್ನಿ."

ಮಂಜುನಾಥ ಅಷ್ಟೂ ಹೊತ್ತು ಕೈಯಲ್ಲಿನ ಸ್ಕೂಟರ್ ಕೀಲಿ ತಿರುಗಿಸುತ್ತಾ ಕೂತಿದ್ದರು.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ನಾಯಿಗೆ ಹೊಸ ಹೆಸರು ಕಲಿಸೋದು ಕಷ್ಟವಲ್ಲ, ಹೊಸ ಹೆಸರು ಕೂಗಿ ತಿನ್ನೋಕೆ ಏನಾದರೂ ಕೊಡುತ್ತಾ ಹೋದರೆ ಕೆಲವೇ ವಾರದಲ್ಲಿ ಕಲಿಯುತ್ತದೆ ಅಂದೆ. ಮಾತು ನಿಜವೇ. ಆದರೆ ಆಗ ಹೇಳುವ ಮಾತಲ್ಲ. ಸವಿತಾ ಕಣ್ಣು ತುಂಬಿಕೊಂಡು ಕಿಟಕಿ ಕಡೆ ತಿರುಗಿದರು. ನಾಯಿ ಕಲಿಯುತ್ತೋ ಇಲ್ಲವೋ ಅನ್ನೋದು ಅವರ ಪ್ರಶ್ನೆಯೇ ಆಗಿರಲಿಲ್ಲ. ಮಕ್ಕಳಿಲ್ಲದ ವರ್ಷಗಳಲ್ಲಿ ತಾನು ತಾಯಿಯಾಗಿದ್ದೆ ಅನ್ನೋದನ್ನು ಈ ಮನೆ ಒಪ್ಪುತ್ತದೋ ಇಲ್ಲವೋ, ಅದು ಅವರ ಪ್ರಶ್ನೆ.

ಹಾಗಾಗಿ ಅವರು ಕೇಳಿದ ಮೊದಲ ಪ್ರಶ್ನೆಗೇ ವಾಪಸ್ ಬಂದೆ. ತಪ್ಪು ಅಲ್ಲ ಅಂದೆ. ಕನ್ನಡ ನಾಡಿನಲ್ಲಿ ಇದು ಹೊಸದೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲು ಸಿಕ್ಕಿದೆ. ಹಂದಿಯ ಜೊತೆ ಕಾದಾಡಿ ಸತ್ತ ಬೇಟೆನಾಯಿಗೆ ಅದರ ಒಡೆಯ ಮಣಲೇರ ನಿಲ್ಲಿಸಿದ ಕಲ್ಲು ಅದು. ಆ ನಾಯಿಯ ಹೆಸರು ಕಾಳಿ. ಆ ಕಲ್ಲು ಈಗಲೂ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ನಮ್ಮ ಆಕಳುಗಳು ಗಂಗಿ, ಲಕ್ಷ್ಮಿ. ಹಾವೇರಿ ಕಡೆ ದೀಪಾವಳಿ ಮುಗಿದ ಮೇಲೆ ಹೋರಿ ಬೆದರಿಸೋ ಸ್ಪರ್ಧೆಗೆ ಬರೋ ಹೋರಿಗಳಿಗಂತೂ ಒಂದೊಂದಕ್ಕೂ ಹೆಸರಿದೆ, ಆ ಹೆಸರು ಕೂಗಿದರೆ ಇಡೀ ಊರೇ ಸಿಳ್ಳೆ ಹಾಕುತ್ತದೆ. ಜೊತೆಯಲ್ಲಿ ಬಾಳೋ ಜೀವಕ್ಕೆ ಜನ ಪ್ರೀತಿಯಿಂದ ಹೆಸರಿಟ್ಟೇ ಇಟ್ಟಿದ್ದಾರೆ.

ಆದರೆ ಒಂದು ಮಾತು ನನ್ನ ಮನಸ್ಸಲ್ಲಿ ಕೂತುಬಿಟ್ಟಿತ್ತು. ಕುಬಸದ ದಿನ ಶಾಂತವ್ವ 'ಗೌರವ್ವ' ಅಂತ ಹೇಳಲಿಲ್ಲ, 'ನಮ್ಮತ್ತಿ ಹೆಸರು' ಅಂದಿದ್ದರು. ಎರಡನೇ ಭೇಟಿಗೆ ಅವರೊಬ್ಬರನ್ನೇ ಕಳಿಸಿ ಅಂತ ಕೇಳಿಕೊಂಡೆ.

ಶಾಂತವ್ವಗೆ ಅರವತ್ತಮೂರು. ಅಣ್ಣಿಗೇರಿ ಹತ್ತಿರದ ಹಳ್ಳಿಯವರು. ಬರುವಾಗ ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಿದ್ದರು. ನಾನು ಏನೂ ಸುತ್ತು ಹಾಕಲಿಲ್ಲ. "ಯವ್ವಾ, ಆ ನಾಯಿಯನ್ನ ನೀವು ಹೆಸರು ಹಿಡಿದು ಯಾಕೆ ಕರೆಯಲ್ಲ?" ಅಂತ ಕೇಳಿದೆ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಹೆಂಗ ಕರೀಲಿ ತಂಗಿ? ಅದು ನಮ್ಮತ್ತಿ ಹೆಸರು. ಮೂವತ್ತೆಂಟು ವರ್ಷ ಸಂಸಾರ ಮಾಡೀನಿ, ಒಂದಿನಾನೂ ಬಾಯಾಗ ತಂದಿಲ್ಲ. ನಮ್ಮ ಮನಿ ಆಕಳಿಗೆ ಗಂಗಿ ಅಂದೀವಿ, ಲಕ್ಷ್ಮಿ ಅಂದೀವಿ. ಆ ಹೆಸರು ಯಾವ ಆಕಳಿಗೂ ಇಟ್ಟಿಲ್ಲ."

ಆಮೇಲೆ ನಿಧಾನಕ್ಕೆ ಉಳಿದದ್ದು ಹೊರಬಂತು. ಗೌರವ್ವ ಕೊನೆಯ ವರ್ಷ ಚಿಕಿತ್ಸೆಗಾಗಿ ಧಾರವಾಡದ ಮನೆಯಲ್ಲೇ ಇದ್ದರು. ಹಾಸಿಗೆ ಹಿಡಿದಿದ್ದರು. ಉಣಿಸೋದು, ಮೈ ಒರೆಸೋದು ಎಲ್ಲ ಶಾಂತವ್ವನೇ. ಒಂದು ಮಧ್ಯಾಹ್ನ ಹಿತ್ತಲಲ್ಲಿ ನಾಯಿ ಕೆಸರು ತುಳಿದು ಒಳಗೆ ನುಗ್ಗುತ್ತಿತ್ತು. ಸವಿತಾ ಗದರಿದರು: "ಗೌರೀ, ಅಲ್ಲೇ ಬಿದ್ದಿರು! ಒಳಗ ಬರಬ್ಯಾಡ!" ನಡುಮನೆಯಲ್ಲಿ ಮಲಗಿದ್ದ ಮುದುಕಿ ಕಣ್ಣು ಬಿಟ್ಟು ಕೇಳಿದರಂತೆ, "ನನಗ ಯಾರ ಬೈದ್ರು?" ಶಾಂತವ್ವ ಹೊದಿಕೆ ಸರಿಮಾಡಿ, "ಯಾರೂ ಇಲ್ರಿ ಅತ್ತಿ, ಮಲ್ಕೋರಿ" ಅಂದರು. ಅದಾಗಿ ಕೆಲವೇ ವಾರಕ್ಕೆ ಆಕೆ ಹೋದರು.

ಈ ಮಾತನ್ನು ಅವರು ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. "ಸೊಸಿದೇನೂ ತಪ್ಪಿಲ್ಲ ಬಿಡು. ಆಕಿಗೇನು ಗೊತ್ತು?" ಅಂದರು. ಹೌದು, ಸವಿತಾಗೆ ಗೊತ್ತಿರಲಿಲ್ಲ. ಮಂಜುನಾಥರಿಗೂ ಹೊಳೆದಿರಲಿಲ್ಲ. ಆಯಿ ಅಂದರೆ ಆಯಿ, ಅಷ್ಟೇ. ಆ ಹೆಸರನ್ನು ರೇಷನ್ ಕಾರ್ಡಿನಲ್ಲಿ ಓದಿದ್ದರೇ ಹೊರತು ಮನೆಯಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ. ಮರ್ಯಾದೆಯಿಂದ ಮುಚ್ಚಿಟ್ಟ ಹೆಸರು ಮೊಮ್ಮಗನಿಗೆ ಪರಿಚಯವೇ ಆಗದೆ ಉಳಿದಿತ್ತು. ಸೊಸೆ ಅದನ್ನು ಪ್ರೀತಿಯಿಂದ ನಾಯಿಗೆ ಇಟ್ಟಳು. ಅತ್ತೆ ಆ ಹೆಸರು ಹೇಳಲಾರದೆ ಕುನ್ನಿ ಅಂದರು. ಸೊಸೆಗೆ ಅದು ತಾತ್ಸಾರವಾಗಿ ಕೇಳಿಸಿತು.

ಮೂರನೇ ಭೇಟಿಗೆ ಮೂವರೂ ಬಂದರು. ಇದನ್ನು ನಾನು ಹೇಳಲಿಲ್ಲ, ಶಾಂತವ್ವನ ಬಾಯಿಂದಲೇ ಬರಲಿ ಅಂತ ಬಿಟ್ಟೆ. ಅವರು ಹೇಳಿ ಮುಗಿಸಿದಾಗ ಸವಿತಾ ಏನೂ ಮಾತಾಡಲಿಲ್ಲ, ಹೋಗಿ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಆ ದಿನ ಮಂಜುನಾಥ ಮೊದಲ ಸಲ ಬಾಯಿಬಿಟ್ಟರು. "ಯವ್ವಾ, ನನಗ ತಿಳೀಬೇಕಿತ್ತು" ಅಂದರು. ಇಷ್ಟು ದಿನ ಇಬ್ಬರ ನಡುವೆ ಸುಮ್ನೆ ಕೂತರೆ ಜಗಳ ತಾನೇ ಆರುತ್ತದೆ ಅಂದುಕೊಂಡಿದ್ದರು. ಗಂಡಸರು ಜಾಸ್ತಿ ಮಾಡೋ ತಪ್ಪು ಇದೇ. ಇಂಥ ವಿಷಯದಲ್ಲಿ ಮಗನ ಮೌನವನ್ನು ತಾಯಿಯೂ ತನ್ನ ವಿರುದ್ಧ ಅಂತ ಓದುತ್ತಾಳೆ, ಹೆಂಡತಿಯೂ ಹಾಗೇ ಓದುತ್ತಾಳೆ.

ಆಮೇಲೆ ನಾನು ಕೊಟ್ಟ ಸಲಹೆ ಹೀಗಿತ್ತು.

ಮೊದಲನೆಯದು, ನಾಯಿಯನ್ನು ಅದರ ಹೆಸರು ಹಿಡಿದು ಇನ್ನು ಮುಂದೆ ಯಾರೂ ಬೈಯಬಾರದು. ಬೇಡ ಅನ್ನೋಕೆ 'ಬ್ಯಾಡ' ಅಂದರೆ ಸಾಕು. ಊಟಕ್ಕೆ, ವಾಕಿಂಗಿಗೆ, ಮುದ್ದಿಗೆ ಮಾತ್ರ 'ಗೌರಿ'. ನಾಯಿ ಪಳಗಿಸುವವರೂ ಇದನ್ನೇ ಹೇಳುತ್ತಾರೆ. ಬೈಗುಳದ ಜೊತೆ ಹೆಸರು ಸೇರಿದರೆ, ಕರೆದಾಗ ನಾಯಿ ಹತ್ತಿರ ಬರೋಕೆ ಹಿಂಜರಿಯುತ್ತದೆ. ಈ ಮನೆಯಲ್ಲಿ ಇದಕ್ಕೆ ಇನ್ನೂ ದೊಡ್ಡ ಕಾರಣ ಇತ್ತು. ಶಾಂತವ್ವನ ಕಿವಿಗೆ ಬಿದ್ದು ನೋಯಿಸಿದ್ದು ಹೆಸರಿಗಿಂತ ಹೆಚ್ಚಾಗಿ ಆ ಹೆಸರಿನ ಹಿಂದೆ ಬಂದ ಗದರಿಕೆ.

ನಾಯಿಯ ಹೆಸರು ಹಾಗೇ ಇರಲಿ ಅನ್ನೋದು ನನ್ನ ಅಭಿಪ್ರಾಯವಾಗಿತ್ತು. ಅದನ್ನು ಮುಚ್ಚಿಡಲಿಲ್ಲ. ಮಗು ಬರೋ ಹೊತ್ತಿಗೆ ನಾಯಿಯ ದಿನಚರಿ ಹೇಗೂ ಬದಲಾಗುತ್ತದೆ, ಮಲಗೋ ಜಾಗ ಬದಲಾಗುತ್ತದೆ. ಅದರ ಮೇಲೆ ಹೆಸರೂ ಹೋದರೆ ಸವಿತಾಗೆ ಅದು ಹೊಡೆದು ಹೊರಗಟ್ಟಿದಂತೆ. ಬಾಣಂತಿಯ ಮನಸ್ಸು ಮೊದಲೇ ಸೂಕ್ಷ್ಮ.

ಇನ್ನು ಮಗುವಿನ ಹೆಸರು. ಇಲ್ಲಿ ನಾನು ಶಾಂತವ್ವಗೆ ಒಂದು ಪ್ರಶ್ನೆ ಕೇಳಿದೆ. "ಮೊಮ್ಮಗಳಿಗೆ ಆ ಹೆಸರು ಇಟ್ಟರೆ ನೀವು ಆಕೆಯನ್ನ ಏನಂತ ಕರೀತೀರಿ?" ಅವರು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡು ನಕ್ಕರು. ಕರೆಯೋಕೆ ಬರುವುದಿಲ್ಲ ಅಲ್ವಾ! ಹಿಂದೆ ನಮ್ಮ ಮನೆಗಳಲ್ಲಿ ಇದಕ್ಕೆ ದಾರಿ ಇತ್ತು. ಹಿರಿಯರ ಹೆಸರು ತೊಟ್ಟಿಲಲ್ಲಿ, ಕಿವಿಯಲ್ಲಿ. ಕರೆಯೋಕೆ ಬೇರೆ ಹೆಸರು. ಅಜ್ಜನ ಹೆಸರಿಟ್ಟ ಹುಡುಗನನ್ನು 'ಅಜ್ಜಪ್ಪ' ಅಂತಲೇ ಕರೆದು ಬೆಳೆಸಿದ ಮನೆಗಳು ಎಷ್ಟಿಲ್ಲ? ಅದೇ ದಾರಿ ಹಿಡಿಯಿರಿ ಅಂದೆ. ಕಿವಿಯಲ್ಲಿ ಗೌರವ್ವ. ಕರೆಯೋಕೆ ಅದೇ ದೇವಿಯ ಇನ್ನೊಂದು ಹೆಸರು: ಪಾರ್ವತಿ, ಗಿರಿಜಾ, ಅಪರ್ಣಾ, ಉಮಾ, ಶೈಲಜಾ. ಯಾವುದಾದರೂ ಸರಿ, ಶಾಂತವ್ವನೇ ಆರಿಸಲಿ.

ಒಂದು ಎಚ್ಚರಿಕೆಯನ್ನೂ ಕೊಟ್ಟೆ. ಕರೆಯೋ ಹೆಸರು ನಾಯಿಯ ಹೆಸರಿನ ಹಾಗೆ ಕೇಳಿಸಬಾರದು. 2016ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 1,700ಕ್ಕೂ ಹೆಚ್ಚು ಜನರನ್ನು ಕೇಳಿ ಒಂದು ವಿಷಯ ಕಂಡುಕೊಂಡರು. ನಾವು ಒಬ್ಬರ ಹೆಸರು ಹೇಳೋಕೆ ಹೋಗಿ ಇನ್ನೊಬ್ಬರ ಹೆಸರು ಕೂಗುವುದು ಹೆಚ್ಚಾಗಿ ಒಂದೇ ಗುಂಪಿನೊಳಗೆ. ತಾಯಿ ಅಣ್ಣನ ಹೆಸರಿಂದ ತಮ್ಮನನ್ನು ಕರೆಯುತ್ತಾಳೆ. ಮಕ್ಕಳನ್ನು ಕರೆಯೋಕೆ ಹೋಗಿ ಮನೆಯ ನಾಯಿಯ ಹೆಸರು ಹೇಳಿದವರೂ ಅದರಲ್ಲಿದ್ದರು. ಹೆಸರುಗಳ ಸದ್ದು ಹೋಲುತ್ತಿದ್ದರೆ ಈ ತಪ್ಪು ಇನ್ನೂ ಜಾಸ್ತಿ. ಅಂದರೆ ನಾಯಿಯ ಹೆಸರು ನಮ್ಮ ತಲೆಯಲ್ಲಿ ಮನೆ ಮಂದಿಯ ಸಾಲಿನಲ್ಲೇ ಕೂತಿರುತ್ತದೆ. ಇದನ್ನು ಕೇಳಿದಾಗ ಸವಿತಾ ಮುಖ ಅರಳಿತು. ತಾನು ಇಷ್ಟು ವರ್ಷ ಹೇಳುತ್ತಿದ್ದ ಮಾತು ಅದೇ ತಾನೇ.

ಹಾಗಾಗಿ ಮನೆಯಲ್ಲೇ ಪರೀಕ್ಷೆ ಮಾಡಿ ಅಂದೆ. ಅಡುಗೆಮನೆಯಿಂದ ಜೋರಾಗಿ ಕೂಗಿ ನೋಡೋದು. ಸವಿತಾಗೆ ಇಷ್ಟವಾದದ್ದು ಗಿರಿಜಾ. ಕೂಗಿದ ಕೂಡಲೇ ಗೌರಿ ಹಿತ್ತಲಿಂದ ಬಾಲ ಅಲ್ಲಾಡಿಸುತ್ತಾ ಓಡಿಬಂತಂತೆ. 'ಉಮಾ' ಅಂದಾಗ ಕಿವಿ ಕೂಡ ಎತ್ತಲಿಲ್ಲ. ಮಗು ತನ್ನ ಹೆಸರಿನ ಸದ್ದು ಗುರುತಿಸೋದು ಸುಮಾರು ನಾಲ್ಕೂವರೆ ತಿಂಗಳಿಂದಲೇ ಶುರು. ಆಗ ಒಂದು ಕೂಗಿಗೆ ಎರಡು ಜೀವ ತಿರುಗಿ ನೋಡುವಂತೆ ಆಗಬಾರದು.

ಹೆಸರಿಗೆ ಅವಸರ ಬೇಡ ಅಂತಲೂ ಹೇಳಿದೆ, ಯಾಕೆಂದರೆ ಆಸ್ಪತ್ರೆಯಲ್ಲಿ ಹೆಸರು ಕೇಳುತ್ತಾರೆ ಅನ್ನೋ ಆತಂಕಕ್ಕೇ ಎಷ್ಟೋ ಮನೆಯಲ್ಲಿ ಜಗಳ ಬಿಗಡಾಯಿಸುತ್ತದೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಿಜ. ಆದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗುವಿನ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನೋಂದಣಿಯಾಗಿ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೂ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶ ಇದೆ.

ನಾಯಿ ಮತ್ತು ಕೂಸಿನ ವಿಷಯ ಚಿಕ್ಕದಾಗಿ ಹೇಳಿ ಮುಗಿಸಿದೆ. ರೇಬೀಸ್ ಲಸಿಕೆ, ಜಂತುಹುಳದ ಔಷಧಿ ತಪ್ಪಬಾರದು. ಕೂಸು ಮನೆಗೆ ಬರೋ ಮುಂಚೆ ಅದನ್ನು ಸುತ್ತಿದ ಒಂದು ಬಟ್ಟೆ ತಂದು ಗೌರಿಗೆ ಮೂಸೋಕೆ ಕೊಡಿ. ಎಷ್ಟೇ ಪಾಪದ ನಾಯಿಯಾದರೂ ಕೂಸಿನ ಜೊತೆ ಒಂದನ್ನೇ ಬಿಟ್ಟು ಹೋಗಬೇಡಿ.

ಹೆಣ್ಣು ಕೂಸೇ ಹುಟ್ಟಿತು. ಗದಗಿನಲ್ಲಿ ತೊಟ್ಟಿಲಿಗೆ ಹಾಕುವ ದಿನ ಶಾಂತವ್ವ ತಮ್ಮ ಮನೆಯ ಹಳೇ ಕಲಘಟಗಿ ತೊಟ್ಟಿಲನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಹೋಗಿದ್ದರು. ಅರಗಿನ ಬಣ್ಣ ಅಲ್ಲಲ್ಲಿ ಎದ್ದಿದ್ದರೂ ಚಿತ್ರಗಳು ಇನ್ನೂ ಕಾಣುತ್ತವೆ. ಮಂಜುನಾಥರನ್ನು ಅದರಲ್ಲಿ ತೂಗಿದ್ದು ಗೌರವ್ವನೇ. ಕೂಸಿನ ಕಿವಿಯಲ್ಲಿ ಕುರ್ ಅಂದು ಹೆಸರು ಹೇಳಿದ್ದು ಮಂಜುನಾಥರ ತಂಗಿ. ಆಕೆ ಮನೆಮಗಳು, ಆಯಿಯ ಹೆಸರು ಹೇಳೋಕೆ ಆಕೆಗೆ ಯಾವ ಅಡ್ಡಿಯೂ ಇಲ್ಲ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ 'ಉಮಾ' ಅಂತ ಮೊದಲು ಕೂಗಿದ್ದು ಶಾಂತವ್ವ.

ಐದು ತಿಂಗಳಾದ ಮೇಲೆ ಸವಿತಾ ಧಾರವಾಡಕ್ಕೆ ಬಂದು ಫೋನ್ ಮಾಡಿದ್ದರು. ಅತ್ತೆ ಈಗಲೂ ನಾಯಿಯನ್ನು ಕುನ್ನಿ ಅಂತಲೇ ಕರೆಯುತ್ತಾರೆ, ಅದೀಗ ನನಗೆ ಚುಚ್ಚುವುದಿಲ್ಲ ಅಂದರು. ಹಿಂದಿನ ದಿನ ಕೂಸು ತೊಟ್ಟಿಲಲ್ಲಿ ಅಳುತ್ತಿತ್ತಂತೆ. ಶಾಂತವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದು, ತೊಟ್ಟಿಲ ಹಗ್ಗ ಹಿಡಿದು, "ಬಂದೆ ಬಂದೆ, ಅಳಬ್ಯಾಡ ನನ ಕುನ್ನಿ" ಅಂದುಬಿಟ್ಟರಂತೆ. ಬಾಗಿಲಲ್ಲಿ ಮಲಗಿದ್ದ ಗೌರಿ ಎದ್ದು ಒಳಗೆ ಬಂತು.