ಕೆಆರ್‌ಎಸ್ ನೀರಿನ ಮಟ್ಟ, ನೇಮಕಾತಿ ಪ್ರಕಟಣೆ, ಊರಿನ ಸುದ್ದಿ: ದಿನಾ ಒಂದೊಂದೇ ಸೈಟ್ ತೆರೆಯದೆ ತಿಳಿಯೋದು ಹೇಗೆ?

ಮೊಬೈಲಿಗೆ ಒಂದು ಫೀಡ್ ರೀಡರ್ ಆ್ಯಪ್ ಹಾಕಿಕೊಳ್ಳಿ. ಫೀಡರ್, ಫೀಡ್ಲಿ ಎರಡೂ ಉಚಿತವಾಗಿ ಸಿಗುತ್ತವೆ. ಫೀಡ್ ಅಂದರೆ ಸೈಟಿನವರೇ ಇಟ್ಟಿರುವ ಸಣ್ಣ ಕಡತ. ಹೊಸದೇನಾದರೂ ಹಾಕಿದರೆ ಅದರ ಶೀರ್ಷಿಕೆ, ಕೊಂಡಿ, ದಿನಾಂಕ ಅಲ್ಲಿ ಸೇರುತ್ತೆ. ರೀಡರ್ ಆಗಾಗ ಹೋಗಿ ನೋಡಿ, ಮೊದಲು ಇಲ್ಲದ್ದನ್ನು ನಿಮ್ಮ ಮುಂದಿಡುತ್ತೆ.

ಮೈಸೂರು, ಮಂಡ್ಯದ ಸುದ್ದಿತಾಣದ ವಿಳಾಸವನ್ನು ರೀಡರ್‌ಗೆ ಅಂಟಿಸಿದರೆ ಸಾಮಾನ್ಯವಾಗಿ ಫೀಡನ್ನು ಅದೇ ಹುಡುಕಿಕೊಳ್ಳುತ್ತೆ. ಸಿಗದಿದ್ದರೆ ವಿಳಾಸದ ಕೊನೆಗೆ ಓರೆಗೆರೆ (/) ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಎಂದು ಸೇರಿಸಿ ನೋಡಿ. ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದಲ್ಲಿ ಮಾಡಿದ ಸೈಟಾದರೆ ಬಹುತೇಕ ಕೆಲಸ ಮಾಡುತ್ತೆ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ.

ಕೆಆರ್‌ಎಸ್ ಮಟ್ಟದ ವಿಷಯ ಮಾತ್ರ ಬೇರೆ. ಒಂದೇ ಪುಟದಲ್ಲಿ ನಿನ್ನೆಯ ಅಂಕಿ ಅಳಿಸಿ ಇವತ್ತಿನದು ಬರೆದರೆ ಫೀಡಿಗೆ ಗೊತ್ತೇ ಆಗಲ್ಲ, ಯಾಕಂದರೆ ಹೊಸ ಬರಹ ಸೇರಿಲ್ಲ. ಅಣೆಕಟ್ಟೆ 124.80 ಅಡಿ ತುಂಬಿದ ದಿನ ಪತ್ರಿಕೆ ಸುದ್ದಿ ಹಾಕುತ್ತೆ, ಅದು ಫೀಡಲ್ಲಿ ಬರುತ್ತೆ. ದಿನದ ಏರಿಳಿತ ಬೇಕಿದ್ದರೆ ಡಿಸ್ಟಿಲ್ ಥರದ, ಪುಟದ ಬದಲಾವಣೆ ಗಮನಿಸುವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಅನ್ನು ಕಂಪ್ಯೂಟರಿನ ಬ್ರೌಸರಿಗೆ ಹಾಕಿ ಆ ಅಂಕಿಯನ್ನಷ್ಟೇ ಆರಿಸಿ. ಫೀಡ್ ಇಲ್ಲದ ನೇಮಕಾತಿ ಪುಟಗಳಿಗೂ (ಸರ್ಕಾರಿ ಸೈಟುಗಳಲ್ಲಿ ಇದು ಮಾಮೂಲು) ಇದೇ ದಾರಿ.

ಇನ್ನೊಂದು ತೊಡಕು: ವರ್ಡ್‌ಪ್ರೆಸ್ ಫೀಡಿನಲ್ಲಿ ಸಾಮಾನ್ಯವಾಗಿ ಕೊನೆಯ 10 ಬರಹಗಳಷ್ಟೇ ಇರುತ್ತವೆ. ಬ್ಯಾಟರಿ ಉಳಿಸೋಕೆ ಫೋನು ಫೀಡರ್ ಆ್ಯಪನ್ನು ಹಿನ್ನೆಲೆಯಲ್ಲಿ ನಿಲ್ಲಿಸಿಬಿಟ್ಟರೆ ನಡುವಿನವು ತಪ್ಪಿಹೋಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಬ್ಯಾಟರಿ ನಿರ್ಬಂಧ ತೆಗೆಯಿರಿ.